ಆ ಬೂಟು ಇನ್ನೂ ಡಬ್ಬದಲ್ಲೇ ಇದೆ ಅಲ್ವಾ?

ಪ್ರೀತಿಯ ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಭಾನುವಾರ ವಿಡಿಯೋ ಕಾಲಿನಲ್ಲಿ ನಿನ್ನ ಮುಖಕ್ಕಿಂತ ಜಾಸ್ತಿ ನಿನ್ನ ಹಿಂದೆ ಇದ್ದ ಬೂಟಿನ ಡಬ್ಬವನ್ನೇ ನೋಡುತ್ತಿದ್ದೆ. ಮುಚ್ಚಳ ಅರ್ಧ ತೆರೆದಿತ್ತು. ಒಳಗಿನ ತೆಳು ಕಾಗದದ ಮಡಿಕೆ ಕೂಡ ಬಿಚ್ಚಿರಲಿಲ್ಲ. ಅಮೆರಿಕದ ಮಿಶಿಗನ್‌ನಲ್ಲಿ ನೀನು ಓದುತ್ತಿರುವ ಊರು ಹೋಟನ್‌ನಲ್ಲಿ ಹಿಮ ಶುರುವಾಗಿ ಮೂರು ವಾರವಾಯಿತು, ಕಿಟಕಿಯಿಂದ ತುಂಬಾ ಚೆನ್ನಾಗಿ ಕಾಣುತ್ತದೆ ಅಂತ ನೀನೇ ಹೇಳಿದೆ. ಹೊರಗೆ ಓಡಾಡಿಕೊಂಡು ಬಂದೆಯಾ ಅಂದರೆ, "ಕ್ಲಾಸಿಗೆ ಹೋಗ್ತೀನಲ್ಲ ಚಿಕ್ಕಮ್ಮ" ಅಂತ ಮಾತು ತಿರುಗಿಸಿದೆ.

ಅಕ್ಕ ಪಕ್ಕದಲ್ಲೇ ಕೂತಿದ್ದಳು, ಹಾಗಾಗಿ ನಾನು ಏನೂ ಕೇಳಲಿಲ್ಲ. ಆದರೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂದುಬಿಡುತ್ತೀಯ. ಬರೆದದ್ದಾದರೆ ಮನಸ್ಸು ಬಂದಾಗ ಇನ್ನೊಂದು ಸಲ ಓದುತ್ತೀಯ ಅಂತ ಬರೆಯುತ್ತಿದ್ದೇನೆ.

ಹೇಳಬೇಕಾದ್ದು ಒಂದೇ ಮಾತು. ದಿನಕ್ಕೊಂದು ಸಲ, ಬೆಳಕಿರುವಾಗಲೇ, ಕೆಲಸ ಇರಲಿ ಬಿಡಲಿ, ಬೂಟು ಹಾಕಿಕೊಂಡು ಹೊರಗೆ ಹೋಗು. ಇಪ್ಪತ್ತು ನಿಮಿಷ ಸಾಕು. ಕ್ಲಾಸಿಗೆ ಹೋಗುವುದನ್ನು ಲೆಕ್ಕಕ್ಕೆ ಸೇರಿಸಬೇಡ, ಅದು ತಲೆ ತಗ್ಗಿಸಿಕೊಂಡು ಓಡುವುದು. ಸುಮ್ನೆ ನಡೆಯೋಕೆ ಹೋಗು.

"ಹಿಮ ನಿಲ್ಲಲಿ, ಆಮೇಲೆ ಹೋಗೋಣ" ಅಂತ ನಿನಗೆ ಅನ್ನಿಸುತ್ತಿರಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ನೀನಿರುವ ಕಡೆ ಅದು ನಿಲ್ಲುವ ಹಿಮ ಅಲ್ಲ ಪುಟ್ಟಿ. ಕೀವಿನಾ ಅನ್ನುವ ಆ ನೆಲದ ತುಂಡು ಸುಪೀರಿಯರ್ ಸರೋವರದ ಒಳಕ್ಕೆ ಚಾಚಿಕೊಂಡಿದೆ. ಕೆನಡಾ ಕಡೆಯಿಂದ ಬರುವ ಒಣ ಚಳಿಗಾಳಿ ಸರೋವರದ ಮೇಲೆ ಹಾದುಬರುತ್ತದೆ. ಕೆಳಗಿನ ನೀರು ಗಾಳಿಗಿಂತ ಬೆಚ್ಚಗಿರುತ್ತದೆ, ಗಾಳಿ ಅದರಿಂದ ತೇವ ಎಳೆದುಕೊಳ್ಳುತ್ತದೆ. ದಡದ ಗುಡ್ಡಗಳನ್ನು ಏರುವಾಗ ಆ ತೇವವನ್ನೆಲ್ಲ ಹಿಮವಾಗಿ ಸುರಿಸಿಬಿಡುತ್ತದೆ. ಇದನ್ನೇ ಅಲ್ಲಿಯವರು ಲೇಕ್ ಎಫೆಕ್ಟ್ ಅನ್ನುವುದು. ಬಿರುಗಾಳಿಯ ಹಾಗೆ ಒಂದು ದಿನ ಬಂದು ಹೋಗುವುದಿಲ್ಲ. ಇವತ್ತು ಎರಡು ಇಂಚು, ನಾಳೆ ನಾಲ್ಕು, ನಾಡಿದ್ದು ಮತ್ತೆ ಒಂದು. ಹೀಗೆ ಸೇರಿ ಸೇರಿ ವರ್ಷಕ್ಕೆ ಸರಾಸರಿ 200 ಇಂಚಿಗೂ ಜಾಸ್ತಿ, ಅಂದರೆ ಐದು ಮೀಟರ್. 1978-79ರ ಚಳಿಗಾಲದಲ್ಲಿ ಕೀವಿನಾದಲ್ಲಿ 390.4 ಇಂಚು ಬಿದ್ದಿತ್ತು. ಅಲ್ಲಿ ಹೆದ್ದಾರಿಯ ಪಕ್ಕ ಆ ಎತ್ತರ ತೋರಿಸುವ ದೊಡ್ಡ ಅಳತೆಗೋಲನ್ನೇ ನಿಲ್ಲಿಸಿದ್ದಾರೆ. ಅಂಥ ಊರಿನಲ್ಲಿ ಹಿಮ ನಿಲ್ಲಲಿ ಅಂತ ಕಾದರೆ ಏಪ್ರಿಲ್‌ವರೆಗೂ ಕಾಯಬೇಕು.

ಬೆಳಕಿನ ಕಥೆಯೂ ಅಷ್ಟೆ. ಡಿಸೆಂಬರ್‌ನಲ್ಲಿ ನಿನಗೆ ಸೂರ್ಯ ಹುಟ್ಟುವುದು ಎಂಟೂವರೆ ಹೊತ್ತಿಗೆ, ಸಂಜೆ ಐದಕ್ಕೆಲ್ಲ ಮುಳುಗುತ್ತಾನೆ. ನಡುವಿನ ಎಂಟು ಗಂಟೆಯೂ ಮೋಡ. ಮಧ್ಯಾಹ್ನ ಲ್ಯಾಬಿನಲ್ಲಿ ಕೂತು ಹೊರಗೆ ಬಂದರೆ ರಾತ್ರಿಯಾಗಿರುತ್ತದೆ. ಇದು ನಿಧಾನವಾಗಿ ಮೈಗೆ ಹತ್ತುತ್ತದೆ. ಹತ್ತಿದೆ ಅಂತ ಗೊತ್ತೇ ಆಗುವುದಿಲ್ಲ.

ನನಗೂ ಗೊತ್ತಾಗಿರಲಿಲ್ಲ. ಇದನ್ನು ನಾನು ಅಕ್ಕನಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

2003ರ ಫೆಬ್ರವರಿ. ಅಮೆರಿಕದಲ್ಲೇ, ಎರಿ ಸರೋವರದ ದಡದ ಒಂದು ಊರಿನಲ್ಲಿ ನನ್ನ ಮೊದಲ ಚಳಿಗಾಲ. ಮಾಸ್ಟರ್ಸ್‌ನ ಎರಡನೇ ಸೆಮಿಸ್ಟರ್. ಮೊದಲು ಒಂದು ಕ್ಲಾಸು ತಪ್ಪಿಸಿದೆ, ಚಳಿ ಜಾಸ್ತಿ ಅಂತ. ಆಮೇಲೆ ಇನ್ನೊಂದು. ತಪ್ಪಿಸಿದ ಕ್ಲಾಸಿಗೆ ಮತ್ತೆ ಹೋಗಲು ನಾಚಿಕೆ ಆಯಿತು, ಅದಕ್ಕೆ ಮೂರನೆಯದು. ಹೀಗೆ ಹನ್ನೊಂದು ದಿನ ಕೋಣೆಯಲ್ಲೇ ಇದ್ದೆ. ಮಧ್ಯಾಹ್ನ ಎರಡಕ್ಕೆ ಏಳುವುದು, ಬೆಳಗಿನ ಜಾವ ನಾಲ್ಕಕ್ಕೆ ಮಲಗುವುದು. ಫೋನ್ ಕಾರ್ಡಿನಲ್ಲಿ ಮನೆಗೆ ಮಾತಾಡುವಾಗ ಮಾತ್ರ ದನಿ ಸರಿಮಾಡಿಕೊಂಡು ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದೆ. ಒಂದು ರಾತ್ರಿ ಕಂಪ್ಯೂಟರ್ ಮುಂದೆ ಕೂತು, ಒಂದು ಕೋರ್ಸ್ ಬಿಟ್ಟುಬಿಡೋಣ, ಭಾರ ಇಳಿಯುತ್ತದೆ ಅಂತ ಡ್ರಾಪ್ ಮಾಡುವ ಪುಟ ತೆರೆದಿದ್ದೆ.

ಆಗ ಬಾಗಿಲು ಬಡಿದ ಸದ್ದಾಯಿತು. ಮೇಲಿನ ಮನೆಯ ಹುಡುಗಿ. ಘಾನಾ ದೇಶದವಳು, ಅವಳಿಗೆ ಅದು ಮೂರನೇ ಚಳಿಗಾಲ. ಹಿಮ ತೆಗೆಯುವ ಗಾಡಿ ಬಂದು ಅವಳ ಕಾರಿನ ಸುತ್ತ ಗೋಡೆ ಕಟ್ಟಿಬಿಟ್ಟಿತ್ತು. ಬೆಳಗ್ಗೆ ಆರಕ್ಕೆ ಅವಳ ಕೆಲಸ. "ನನ್ನ ಹತ್ತಿರ ಎರಡು ಸಲಿಕೆ ಇದೆ, ಬಾ" ಅಂದಳು. ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ಬೀದಿ ದೀಪದ ಕೆಳಗೆ ನಲವತ್ತು ನಿಮಿಷ ಇಬ್ಬರೂ ಅಗೆದೆವು. ಗಾಡಿ ತಳ್ಳಿಹಾಕಿದ ಹಿಮ ಹತ್ತಿಯ ಹಾಗೆ ಇರುವುದಿಲ್ಲ, ಒದ್ದೆ ಮರಳಿನಷ್ಟು ಭಾರ. ಜಾಕೆಟ್ ಒಳಗೆ ಬೆವರು ಇಳಿಯಿತು. ನನ್ನ ಉಸಿರಿನ ಹಬೆ ದೀಪದ ಬೆಳಕಿನಲ್ಲಿ ಮೇಲೆ ಹೋಗುವುದು ಕಾಣುತ್ತಿತ್ತು. ಹನ್ನೊಂದು ದಿನದಲ್ಲಿ ಮೊದಲ ಸಲ ನನಗೆ ಹಸಿವಾಯಿತು.

ಸಲಿಕೆ ಊರಿ ನಿಂತಾಗ ಕೋರ್ಸ್ ಬಿಡುವ ಮಾತು ಬಾಯಿಗೆ ಬಂತು. ಅವಳು ಅಲ್ಲೇ ನನ್ನ ತೋಳು ಹಿಡಿದುಕೊಂಡಳು. "ಆಫೀಸಿಗೆ ಹೇಳಿದೆಯಾ? ಹೇಳದೆ ಮುಟ್ಟಬೇಡ" ಅಂದಳು. ಮಾರನೇ ದಿನ ಕೆಲಸ ಮುಗಿಸಿ ಬಂದು ನನ್ನನ್ನು ಇಂಟರ್‌ನ್ಯಾಷನಲ್ ಆಫೀಸಿಗೆ ತಾನೇ ಕರೆದುಕೊಂಡು ಹೋದಳು. ಅಲ್ಲಿದ್ದವರು ಬೈಯಲಿಲ್ಲ. ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸಿದರು. ನನ್ನದು ಒಂಬತ್ತು ಕ್ರೆಡಿಟ್, ಅದಕ್ಕಿಂತ ಕಡಿಮೆ ಆಗುವಂತಿರಲಿಲ್ಲ. ಆ ರಾತ್ರಿ ಗುಂಡಿ ಒತ್ತಿದ್ದರೆ ಆರಕ್ಕೆ ಇಳಿದು, ವೀಸಾದ ಸ್ಟೇಟಸ್ ಕಳೆದುಕೊಳ್ಳುತ್ತಿದ್ದೆ.

ಬ್ಯಾಚುಲರ್ಸ್ ಓದುವ ನಿನಗೆ ಅದು ಹನ್ನೆರಡು ಕ್ರೆಡಿಟ್. ಎಫ್-1, ಅಂದರೆ ಓದಲು ಬಂದವರ ವೀಸಾದಲ್ಲಿ ಇರುವವರು ಆ ಆಫೀಸಿನಲ್ಲಿ ಮೊದಲೇ ಕೇಳದೆ ಅದಕ್ಕಿಂತ ಕೆಳಗೆ ಇಳಿಯಬಾರದು. ಆಮೇಲೆ ಹೋಗಿ ಹೇಳಿದರೆ ಆಗುವುದಿಲ್ಲ, ಬಿಡುವ ಮೊದಲೇ ಹೇಳಬೇಕು. ಇದು ನಿನಗೆ ಗೊತ್ತಿರಬಹುದು. ಗೊತ್ತಿಲ್ಲದಿರುವುದು ಇನ್ನೊಂದಿದೆ, ಅದನ್ನು ಚೆನ್ನಾಗಿ ನೆನಪಿಟ್ಟುಕೋ. ನಿಜವಾಗಿ ಆರೋಗ್ಯ ಕೆಟ್ಟರೆ ಕೋರ್ಸ್ ಕಡಿಮೆ ಮಾಡಿಕೊಳ್ಳಲು ಆ ಕಾನೂನಿನಲ್ಲೇ ದಾರಿ ಇದೆ. ಡಾಕ್ಟರ್ ಪತ್ರ ಬೇಕು. ಅಲ್ಲಿನ ಲೈಸೆನ್ಸ್ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಕೊಟ್ಟ ಪತ್ರವೂ ನಡೆಯುತ್ತದೆ. ಅಂದರೆ ಮನಸ್ಸಿಗೆ ಹುಷಾರಿಲ್ಲ ಅನ್ನುವುದನ್ನೂ ಆ ದೇಶದ ನಿಯಮ ಕಾಯಿಲೆ ಅಂತಲೇ ಒಪ್ಪುತ್ತದೆ. ನಾವು ಮಾತ್ರ ನಮ್ಮೊಳಗೆ ಸೋಮಾರಿತನ ಅಂತ ಬೈದುಕೊಂಡು ಕೂರುತ್ತೇವೆ. ಬೇಡ ಕಂದ. ಕಾಲೇಜಿನ ಕೌನ್ಸೆಲಿಂಗ್ ಸೆಂಟರ್ ನಿನ್ನಂಥವರಿಗಾಗಿಯೇ ಇರುವುದು. ರಾತ್ರಿ ಹೊತ್ತು ತೀರಾ ತಡೆಯಲಾಗದೆ ಹೋದರೆ ಅಲ್ಲಿನ ಮನಸ್ಸಿನ ಸಂಕಟದ ಸಹಾಯವಾಣಿ 988ಕ್ಕೆ ಫೋನ್ ಮಾಡು, ಯಾವ ಹೊತ್ತಿನಲ್ಲೂ ಎತ್ತುತ್ತಾರೆ. ಆಮೇಲೆ ನನಗೆ ಮಾಡು. ಇಲ್ಲಿ ಎಷ್ಟು ಗಂಟೆ ಅಂತ ಲೆಕ್ಕ ಹಾಕಬೇಡ.

ಬೆಳಕಿನ ದೀಪ ಅಂತ ಬರುತ್ತದೆ, 10,000 ಲಕ್ಸ್ ಇರುವಂಥದ್ದು. ಬೆಳಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಅದರ ಮುಂದೆ ಕೂತರೆ ತುಂಬಾ ಜನರಿಗೆ ಅನುಕೂಲವಾಗುತ್ತದೆ. ಕ್ಲಿನಿಕ್ಕಿನಲ್ಲಿ ಕೇಳಿ ನೋಡು. ಆದರೂ ಹೊರಗೆ ಹೋಗುವುದನ್ನು ಬಿಡಬೇಡ.

ಇನ್ನು ಬಟ್ಟೆ. ನೀನು ಹೊರಗೆ ಹೋಗಲು ಹಿಂಜರಿಯುವುದಕ್ಕೆ ಅರ್ಧ ಕಾರಣ ಬಟ್ಟೆಯೇ ಇರಬೇಕು. ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡ. ಬೆವರಿದರೆ ಅದು ಒದ್ದೆಯಾಗಿಯೇ ಉಳಿದು ಮೈಯನ್ನು ತಣ್ಣಗೆ ಮಾಡುತ್ತದೆ. ಒಳಗೆ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ ಜಾಕೆಟ್. ಕಾಲಿಗೆ ಎರಡೆರಡು ಸಾಕ್ಸ್ ತುರುಕಬೇಡ. ಬೂಟು ಬಿಗಿಯಾದರೆ ರಕ್ತ ಓಡುವುದಿಲ್ಲ, ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ಒಂದೇ ಜೊತೆ ದಪ್ಪ ಉಣ್ಣೆ ಸಾಕ್ಸ್, ಒಳಗೆ ಬೆರಳು ಆಡುವಷ್ಟು ಜಾಗ. ಕೈಗೆ, ಬೆರಳು ಬೇರೆ ಬೇರೆ ಇರುವ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗೆ ಇರುವ ಮಿಟನ್ ಬೆಚ್ಚಗೆ. ನಿಮ್ಮ ಕಡೆ ಒಳಗೆ ಉಣ್ಣೆ, ಹೊರಗೆ ಚರ್ಮ ಇರುವಂಥದ್ದನ್ನು ಚಾಪರ್ ಅನ್ನುತ್ತಾರೆ. ಅಂಗಡಿಯಲ್ಲಿ ಆ ಹೆಸರೇ ಹೇಳಿ ಕೇಳು.

ಥರ್ಮಾಮೀಟರ್ ಒಂದನ್ನೇ ನಂಬಬೇಡ, ಗಾಳಿಯನ್ನೂ ನೋಡು. ಮೈನಸ್ 18 ಡಿಗ್ರಿ ಚಳಿಗೆ ಗಂಟೆಗೆ 24 ಕಿಲೋಮೀಟರ್ ಗಾಳಿ ಸೇರಿದರೆ ಚರ್ಮಕ್ಕೆ ಮೈನಸ್ 28ರ ಹಾಗಿರುತ್ತದೆ. ಅಂಥಾ ದಿನ ಮುಚ್ಚದ ಕಿವಿ, ಮೂಗು ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಹುದು. ಅವತ್ತು ಹತ್ತು ನಿಮಿಷ ನಡೆದು ವಾಪಸ್ ಬಾ. ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲಿ ಹೊರಡುವ ಅಭ್ಯಾಸ ಬಿಟ್ಟುಬಿಡು, ಕೂದಲು ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ.

ಹೋಟನ್‌ನ ಬೀದಿಗಳೆಲ್ಲ ಇಳಿಜಾರು. ಹಿಮದ ಮೇಲೆ ಅಷ್ಟಾಗಿ ಜಾರುವುದಿಲ್ಲ, ಜಾರುವುದು ಕರಗಿ ಮತ್ತೆ ಗಟ್ಟಿಯಾದ ತೆಳು ಮಂಜುಗಡ್ಡೆಯ ಮೇಲೆ. ಅದು ಕಣ್ಣಿಗೆ ಒದ್ದೆ ರಸ್ತೆಯ ಹಾಗೆ ಕಾಣುತ್ತದೆ. ಸಣ್ಣ ಹೆಜ್ಜೆ ಇಡು, ಪಾದ ಪೂರ್ತಿ ಊರು, ಕೈ ಜೇಬಿನಲ್ಲಿ ಬೇಡ. ಗೆಳತಿಯರ ಕಾರಿನಲ್ಲಿ ಹೋಗುವಾಗ ಒಂದು ವಿಷಯ ನೋಡಿಕೋ. ಹಿಮದಲ್ಲಿ ಹೂತ ಕಾರನ್ನು ಸ್ಟಾರ್ಟ್ ಮಾಡುವ ಮೊದಲು ಸೈಲೆನ್ಸರ್ ಪೈಪಿನ ಬಾಯಿ ಬಿಡಿಸಿರಬೇಕು. ಅದು ಮುಚ್ಚಿದ್ದರೆ ವಿಷದ ಹೊಗೆ ಕಾರಿನೊಳಗೇ ತುಂಬುತ್ತದೆ, ವಾಸನೆಯೂ ಬರುವುದಿಲ್ಲ. ಇದರಿಂದ ಜನ ಸತ್ತಿದ್ದಾರೆ. ಯಾರು ಏನೇ ಅಂದುಕೊಳ್ಳಲಿ, ನೀನು ಇಳಿದು ಹೋಗಿ ನೋಡು.

ಜನರ ವಿಷಯ. ನೀನು ಮಾತು ಕಡಿಮೆ ಆಡುವವಳು, ನನಗೆ ಗೊತ್ತು. ಹಿಮದ ಊರಿನಲ್ಲಿ ಗೆಳೆತನ ಮಾತಿನಿಂದ ಶುರುವಾಗುವುದಕ್ಕಿಂತ ಕೆಲಸದಿಂದ ಶುರುವಾಗುವುದು ಜಾಸ್ತಿ. ನಿಮ್ಮ ಕಾಲೇಜು ಮಿಶಿಗನ್ ಟೆಕ್‌ನಲ್ಲಿ 1922ರಿಂದ ವಿಂಟರ್ ಕಾರ್ನಿವಲ್ ಇದೆ. ಹುಡುಗರು ಹುಡುಗಿಯರು ಒಂದು ತಿಂಗಳು ಹಿಮ ಮೆತ್ತಿ ಮೆತ್ತಿ ಮನೆಯಷ್ಟು ಎತ್ತರದ ಮೂರ್ತಿಗಳನ್ನು ಕಟ್ಟುತ್ತಾರೆ. ಕ್ರಿಸ್ಮಸ್ ರಜೆ ಮುಗಿದ ಕೂಡಲೇ ಯಾವುದಾದರೂ ಒಂದು ಗುಂಪಿಗೆ ಸೇರಿಕೋ. ಚಿತ್ರ ಬಿಡಿಸಲು ಬರಬೇಕಿಲ್ಲ, ಬಕೆಟ್ ಹೊರುವವರು ಯಾವಾಗಲೂ ಬೇಕಾಗಿರುತ್ತಾರೆ. ಹಿಮವನ್ನು ತಟ್ಟಿ ಗಟ್ಟಿ ಮಾಡುವುದಕ್ಕೆ ಅಲ್ಲಿಯವರು ಪ್ಯಾಂಕ್ ಅನ್ನುತ್ತಾರೆ. ಆ ಒಂದು ಪದ ಕಲಿತರೂ ನಿನಗೆ ಆ ಜಾಗ ಸ್ವಲ್ಪ ನಿನ್ನದು ಅನ್ನಿಸುತ್ತದೆ. ತಾಮ್ರದ ಗಣಿಗೆ ಬಂದ ಫಿನ್‌ಲ್ಯಾಂಡಿನವರು ಅಲ್ಲಿ ಸೌನಾ, ಅಂದರೆ ಬಿಸಿ ಹಬೆಯ ಕೋಣೆಯಲ್ಲಿ ಕೂರುವ ರೂಢಿ, ಬಿಟ್ಟು ಹೋಗಿದ್ದಾರೆ. ಯಾರಾದರೂ ಕರೆದರೆ ಸಂಕೋಚ ಪಡದೆ ಹೋಗು.

ಕ್ಯಾಂಪಸ್‌ನಲ್ಲಿ ಒಂದು ಸಣ್ಣ ಕೆಲಸ ಸಿಕ್ಕರೆ ತೆಗೆದುಕೋ. ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚಿಲ್ಲ, ಅದನ್ನು ಮೀರಬೇಡ. ದುಡ್ಡಿಗಿಂತ, ನಿನಗಾಗಿ ಒಬ್ಬರು ಕಾಯುವ ಒಂದು ಜಾಗ ಇರಬೇಕು ಅಂತ ಹೇಳುತ್ತಿದ್ದೇನೆ. ನೀನು ಬರದಿದ್ದ ದಿನ "ಯಾಕೆ ಬರಲಿಲ್ಲ" ಅಂತ ಅವರು ಕೇಳುತ್ತಾರೆ. ನನ್ನನ್ನು ಆ ಹನ್ನೊಂದು ದಿನ ಯಾರೂ ಕೇಳಿರಲಿಲ್ಲ.

ಮನೆಗೆ ಫೋನ್ ಮಾಡುವ ಹೊತ್ತನ್ನೂ ಬದಲಾಯಿಸು. ನವೆಂಬರ್‌ನಲ್ಲಿ ನಿಮ್ಮ ಗಡಿಯಾರ ಒಂದು ಗಂಟೆ ಹಿಂದೆ ಹೋದ ಮೇಲೆ ನಮಗೂ ನಿನಗೂ ಹತ್ತೂವರೆ ಗಂಟೆ ವ್ಯತ್ಯಾಸ. ನೀನು ಬೆಳಗ್ಗೆ ಹತ್ತರಿಂದ ಹನ್ನೊಂದೂವರೆವರೆಗೆ ನಮ್ಮ ಜೊತೆ ಕೂರುತ್ತೀಯ. ನಿನಗಿರುವ ಒಳ್ಳೆ ಬೆಳಕೇ ಅದು, ಅದನ್ನು ನಮಗೆ ಕೊಡಬೇಡ. ಸಂಜೆ ಏಳೂವರೆಗೆ ಮಾಡು, ಇಲ್ಲಿ ಬೆಳಗ್ಗೆ ಆರು. ಅಕ್ಕ ಅಷ್ಟು ಹೊತ್ತಿಗೆ ಎದ್ದಿರುತ್ತಾಳೆ. ಅವಳಿಗೆ ನಾನು ಹೇಳಿಕೊಳ್ಳುತ್ತೇನೆ, ನೀನು ಯೋಚನೆ ಮಾಡಬೇಡ.

ನಾಳೆ ಮಧ್ಯಾಹ್ನ ಆ ಕಾಗದ ಬಿಚ್ಚಿ ಬೂಟು ತೆಗೆ. ಲೇಸನ್ನು ಕೆಳಗಿನಿಂದ ಒಂದೊಂದೇ ಬಿಗಿ ಮಾಡುತ್ತಾ ಬಾ. ಕ್ಯಾಂಪಸ್ ಕೆಳಗಿನ ಕಾಲುವೆ ದಡಕ್ಕೆ ಹೋಗಿ ಲಿಫ್ಟ್ ಬ್ರಿಡ್ಜ್ ಕಾಣುವವರೆಗೆ ನಡೆದು ಬಾ. ವಾಪಸ್ ಬಂದು ಬಾಗಿಲ ಹತ್ತಿರ ಬಿಟ್ಟ ಒದ್ದೆ ಬೂಟಿನ ಒಂದು ಫೋಟೋ ಕಳಿಸು. ಜೊತೆಗೆ ಏನೂ ಬರೆಯಬೇಕಾಗಿಲ್ಲ.

ಇಂತಿ,
ನಿನ್ನ ಚಿಕ್ಕಮ್ಮ