ದ್ವೇಷದ ಪತ್ರಿಕೆಗಳನ್ನೂ ಕಾಪಾಡಬೇಕು

ಮಾನ್ಯರೇ,

ನಾಜಿ ಪತ್ರಿಕೆಗಳನ್ನು ಕಾಪಿಡುವುದೇಕೆಂದು ಕೇಳುವವರಿದ್ದಾರೆ. ಜರ್ಮನಿ ಬಿಟ್ಟು ಹೋದ ಯಹೂದಿ ಆಲ್ಫ್ರೆಡ್ ವೀನರ್ 1933ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುಮಾಡಿ, 1939ರಲ್ಲಿ ಲಂಡನ್ನಿಗೆ ಸಾಗಿಸಿದ ಇಂಥ ಪತ್ರಿಕೆ, ದಾಖಲೆಗಳ ಸಂಗ್ರಹ, ಯುದ್ಧದ ನಂತರ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಗೆ ಪುರಾವೆ ಒದಗಿಸಿತು. ಯಹೂದಿದ್ವೇಷ ಕಾರುತ್ತಿದ್ದ ‘ಡೆರ್ ಸ್ಟ್ಯೂರ್ಮರ್’ ಪತ್ರಿಕೆಯ ಪ್ರಕಾಶಕ ಯೂಲಿಯಸ್ ಸ್ಟ್ರೈಕರ್‌ನನ್ನು 1946ರಲ್ಲಿ ಗಲ್ಲಿಗೇರಿಸಿದರು, ಅವನ ವಿರುದ್ಧ ಸಾಕ್ಷಿ ನುಡಿದದ್ದು ಅವನೇ ಅಚ್ಚು ಹಾಕಿಸಿದ ಬರಹ.

ಆದರೆ ಪತ್ರಿಕೆ ಅಚ್ಚಾಗುವ ನ್ಯೂಸ್‌ಪ್ರಿಂಟ್ ಬಾಳಿಕೆಯ ಕಾಗದವಲ್ಲ. ಮರದ ತಿರುಳಿನಲ್ಲಿರುವ ಲಿಗ್ನಿನ್ ಎಂಬ ವಸ್ತು ಬೆಳಕು, ಗಾಳಿ ತಾಗಿ ಹಳದಿಗಟ್ಟುತ್ತದೆ, ಆಮ್ಲ ನಾರನ್ನು ತಿನ್ನುತ್ತದೆ, ಕಾಗದ ಮಡಿಕೆಯಲ್ಲೇ ಮೊದಲು ಹರಿದುಹೋಗುತ್ತದೆ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಲೇಬಾರದು: ಅದರ ಅಂಟು ಒಳಗಿಳಿದು ಕಂದು ಕಲೆಯಾಗುತ್ತದೆ. ದುರಸ್ತಿಗೆ ತೆಳು ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು ಸಾಕು. ಆಮ್ಲರಹಿತ ಫೋಲ್ಡರಿನಲ್ಲಿ ಮಡಚದೆ ಮಲಗಿಸಿಡಬೇಕು.

ಸ್ಕ್ಯಾನ್ ಮಾಡುವಾಗ ಇಡೀ ಪುಟವನ್ನೇ ತೆಗೆಯಬೇಕು. ಸುದ್ದಿಯಷ್ಟನ್ನೇ ಕತ್ತರಿಸಿಟ್ಟರೆ ದಿನಾಂಕ, ವ್ಯಂಗ್ಯಚಿತ್ರ, ಜಾಹೀರಾತು ಕಳೆದುಹೋಗುತ್ತವೆ. ಇಂಥ ಪತ್ರಿಕೆಗೆ ದುಡ್ಡು ಕೊಟ್ಟ ಅಂಗಡಿ, ಕಂಪನಿ ಯಾವುವೆಂದು ಹೇಳುವುದು ಆ ಜಾಹೀರಾತುಗಳೇ.

– ಪತ್ರಾಗಾರ ಸಂರಕ್ಷಕರು, ಮೈಸೂರು