ಬಿಟ್ಟಿ ತೀರ್ಪಿಗೂ ಒಂದು ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಮಕ್ಕಳ ಪುಸ್ತಕಕ್ಕೆ ಬಹುಮಾನ ಬಂದರೆ ಎಲ್ಲ ಪತ್ರಿಕೆಗಳೂ ಲೇಖಕರ ಫೋಟೊ ಹಾಕುತ್ತವೆ, ನಿಮ್ಮದೂ. ಅದನ್ನು ಆರಿಸಿದವರು ಯಾರು, ಹೇಗೆ ಆರಿಸಿದರು ಎಂಬುದು ಮಾತ್ರ ಸುದ್ದಿಯ ಕೊನೆಯ ಸಾಲಿನಲ್ಲೂ ಇರುವುದಿಲ್ಲ. ಕಳೆದ ಸಲ ಅಂಥ ಒಂದು ಬಹುಮಾನಕ್ಕೆ ನಾನೂ ತೀರ್ಪುಗಾರಳಾಗಿದ್ದೆ. ಸಂಭಾವನೆ ಇರಲಿಲ್ಲ, ನಾನು ಕೇಳಲೂ ಇಲ್ಲ. ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ 31 ವರ್ಷ ಕಳೆದವಳಿಗೆ ಹೊಸ ಪುಸ್ತಕಗಳು ಮನೆ ಬಾಗಿಲಿಗೇ ಬರುತ್ತವೆಂದರೆ ಅದಕ್ಕಿಂತ ಆಮಿಷ ಇನ್ನೇನು ಬೇಕು?

ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ 64 ಪುಸ್ತಕ ಬಂದವು. ಗಡುವು ಆರು ವಾರ. ಐದು ವರ್ಷದ ಮಗುವಿನ ಚಿತ್ರಪುಸ್ತಕ, ಹತ್ತರ ಹುಡುಗನ ಸಾಹಸಕಥೆ, ಹದಿನಾರರ ಹುಡುಗಿಯ ಕಾದಂಬರಿ ಎಲ್ಲವೂ ಒಂದೇ ರಾಶಿಯಲ್ಲಿ. ಒಂದು ನೋಟ್‌ಬುಕ್ ಮಾಡಿಕೊಂಡೆ, ಪುಸ್ತಕಕ್ಕೆ ಒಂದು ಪುಟ. ಓದಿ ಮುಗಿಸದೆ ಅಂಕ ಬರೆಯಬಾರದು ಎಂದು ನನಗೆ ನಾನೇ ಕಟ್ಟು ಹಾಕಿಕೊಂಡೆ. ಚಿಕ್ಕವರ ಪುಸ್ತಕಗಳನ್ನು ಏಳು ವರ್ಷದ ಮೊಮ್ಮಗಳ ಕೈಗೂ ಕೊಟ್ಟೆ. ರಕ್ಷಾಪುಟದ ಮೇಲೆ 'ಆರರಿಂದ ಎಂಟು ವರ್ಷದವರಿಗೆ' ಎಂದು ಅಚ್ಚಾಗಿದ್ದ ಒಂದನ್ನು ಅವಳು ಗಟ್ಟಿಯಾಗಿ ಓದತೊಡಗಿದಳು. ಮೊದಲ ಸಾಲಿನಲ್ಲೇ 'ವಾತ್ಸಲ್ಯಮೂರ್ತಿ'. ಒತ್ತಕ್ಷರದ ಮೇಲೆ ಬೆರಳಿಟ್ಟು ಮೂರು ಸಲ ತಡವರಿಸಿದಳು. ಎರಡನೇ ಸಾಲಿನ 'ಉತ್ಕೃಷ್ಟ'ಕ್ಕೆ ಬರುವಷ್ಟರಲ್ಲಿ ಪುಸ್ತಕ ಮಡಚಿ, "ಅಜ್ಜಿ, ಇದು ದೊಡ್ಡವರ ಪುಸ್ತಕ" ಅಂದಳು. ನನ್ನ ನೋಟ್‌ಬುಕ್ಕಿನಲ್ಲಿ ಆ ಪುಟಕ್ಕೆ ಅದಕ್ಕಿಂತ ಹೆಚ್ಚು ಬರೆಯಬೇಕಾಗಲಿಲ್ಲ.

ಇನ್ನೊಂದು ಚಿತ್ರಪುಸ್ತಕ ಬಣ್ಣದಲ್ಲಿ ಬಲು ಚೆಂದ. ಆದರೆ ಎರಡು ಪುಟ ಹರಡಿದ ದೊಡ್ಡ ಚಿತ್ರದಲ್ಲಿ ತಾತನ ಮುಖ ಸರಿಯಾಗಿ ನಡುವಿನ ಹೊಲಿಗೆಗೆ ಸಿಕ್ಕಿ ಮೂಗೇ ಮಾಯವಾಗಿತ್ತು. ಪುಸ್ತಕ ಕೈಯಲ್ಲಿ ಹಿಡಿದವರಿಗೆ ಮಾತ್ರ ಇದು ಕಾಣುತ್ತದೆ. ಮೊಬೈಲಿನಲ್ಲಿ ಪಿಡಿಎಫ್ ನೋಡಿದ ಸಹ ತೀರ್ಪುಗಾರರೊಬ್ಬರು ಅದೇ ಚಿತ್ರವನ್ನು ಬಾಯ್ತುಂಬ ಹೊಗಳಿದರು.

ಅಂತಿಮ ಸಭೆಯಲ್ಲಿ ನಾವು ನಾಲ್ವರು. ಹಿರಿಯರೊಬ್ಬರು ಒಂದು ಕಾದಂಬರಿಯನ್ನು ಎತ್ತಿ ಹಿಡಿದು, "ಇದರ ಕೊನೆಯ ಅಧ್ಯಾಯಕ್ಕೇ ಬಹುಮಾನ ಕೊಡಬಹುದು" ಎಂದರು. ಅವರ ಪ್ರತಿಯನ್ನು ಈಸಿಕೊಂಡು ನೋಡಿದೆ. ಬೈಂಡಿಂಗ್‌ನವರು ಅಂಚು ಸರಿಯಾಗಿ ಕತ್ತರಿಸಿರಲಿಲ್ಲ. ಕೊನೆಯ ಎಂಟು ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಮುನ್ನುಡಿ ಮತ್ತು ಬೆನ್ನುಡಿ ಓದಿ ತೀರ್ಪು ಕೊಡುವವರ ಬಗ್ಗೆ ಕೇಳಿದ್ದೆ, ಅಂದು ಕಣ್ಣಾರೆ ಕಂಡೆ. ಆಮೇಲೆ ನಡೆದದ್ದು 25 ನಿಮಿಷ. "ಲೇಖಕರಿಗೆ ವಯಸ್ಸಾಯಿತು, ಈ ಸಲ ಕೊಟ್ಟುಬಿಡೋಣ" ಎಂಬ ಮಾತಿಗೆ ಮೂವರು ತಲೆದೂಗಿದರು. ನನ್ನ ನೋಟ್‌ಬುಕ್ ಚೀಲದಲ್ಲೇ ಉಳಿಯಿತು. ಹಾಳೆ ನನ್ನ ಮುಂದೆ ಬಂದಾಗ ನಾನೂ ಸಹಿ ಹಾಕಿದೆ. ಹಾಕಬಾರದಿತ್ತು.

ಬಿಟ್ಟಿ ಕೆಲಸ ತಾನೇ, ಇಷ್ಟೇ ಆಗುವುದು ಎನ್ನುವವರಿದ್ದಾರೆ. ಒಪ್ಪಲಾರೆ. ಅಮೆರಿಕದ ಗ್ರಂಥಪಾಲಕರ ಸಂಘ ಮಕ್ಕಳ ಪುಸ್ತಕಕ್ಕೆ 1922ರಿಂದ ಕೊಡುತ್ತಿರುವ ನ್ಯೂಬೆರಿ ಪದಕವನ್ನು ನೋಡಿ. ಅದರ ಸಮಿತಿಯ 15 ಮಂದಿಯೂ ಸಂಬಳವಿಲ್ಲದೆ ಓದುವವರೇ. ಪ್ರತಿಯೊಬ್ಬರೂ ತಮ್ಮ ಮೊದಲ ಆಯ್ಕೆಗೆ 4, ಎರಡನೆಯದಕ್ಕೆ 3, ಮೂರನೆಯದಕ್ಕೆ 2 ಅಂಕ ಕೊಡುತ್ತಾರೆ. ಗೆಲ್ಲುವ ಪುಸ್ತಕ ಕನಿಷ್ಠ 8 ಮಂದಿಯ ಮೊದಲ ಆಯ್ಕೆಯಾಗಿರಬೇಕು, ಜೊತೆಗೆ ಎರಡನೆಯ ಸ್ಥಾನದ ಪುಸ್ತಕಕ್ಕಿಂತ 8 ಅಂಕ ಮುಂದಿರಬೇಕು. ಆಗಲಿಲ್ಲವೋ, ಮತ್ತೆ ಚರ್ಚೆ, ಮತ್ತೆ ಮತ. ಒಳಗೆ ಆಡಿದ ಮಾತು ಹೊರಗೆ ಬರುವುದಿಲ್ಲ, ಆದರೆ ಈ ನಿಯಮ ಯಾರು ಬೇಕಾದರೂ ಓದುವಂತೆ ಅಚ್ಚಿನಲ್ಲಿದೆ. ನಮ್ಮಲ್ಲಿ ಇದು ತಲೆಕೆಳಗು: ನಿಯಮ ಯಾರಿಗೂ ಗೊತ್ತಿಲ್ಲ, ಒಳಗಿನ ಮಾತು ಸಂಜೆಯೊಳಗೆ ಎಲ್ಲರಿಗೂ ಗೊತ್ತು.

ಹದಿಹರೆಯದವರ ಪುಸ್ತಕವನ್ನು ಪುಟ್ಟ ಮಕ್ಕಳದರ ಜೊತೆ ಒಂದೇ ತಕ್ಕಡಿಗೆ ಹಾಕುವುದೂ ನಿಲ್ಲಬೇಕು. ನ್ಯೂಬೆರಿ 14 ವರ್ಷದವರೆಗಿನ ಓದುಗರಿಗೆ. 12ರಿಂದ 18ರವರಿಗೆ ಪ್ರಿಂಟ್ಜ್ ಎಂಬ ಬೇರೆ ಬಹುಮಾನ 2000ದಿಂದ ಇದೆ. ಚಿತ್ರಪುಸ್ತಕದ ಕಲಾವಿದರಿಗೆ ಕ್ಯಾಲ್ಡೆಕಾಟ್ 1938ರಿಂದಲೇ ಇದೆ. ಮೂರು ಬಹುಮಾನ ಕೊಡಲು ಶಕ್ತಿ ಸಾಲದಿದ್ದರೆ ಒಂದು ವರ್ಷ ಚಿಕ್ಕವರಿಗೆ, ಮರುವರ್ಷ ದೊಡ್ಡವರಿಗೆ ಕೊಡಲಿ. ಯಾರು ಬೇಡವೆಂದರು?

ಓದುವ ಹೊರೆಗೂ ದಾರಿಯಿದೆ. 2006ರಲ್ಲಿ ಪುಸ್ತಕಪ್ರಿಯ ಬ್ಲಾಗಿಗರು ಸೇರಿ ಶುರುಮಾಡಿದ ಸಿಬಿಲ್ಸ್ ಬಹುಮಾನದಲ್ಲಿ ಕೆಲಸ ಎರಡು ಸುತ್ತು. ಮೊದಲ ತಂಡ ರಾಶಿಯನ್ನು ಜಾಲಾಡಿ ಕಿರುಪಟ್ಟಿ ಮಾಡುತ್ತದೆ, ಇನ್ನೊಂದು ತಂಡ ಆ ಕೆಲವನ್ನೇ ಓದಿ ಒಂದನ್ನು ಆರಿಸುತ್ತದೆ. ಅಷ್ಟೇ ಓದಬೇಕಾದವರಿಗೆ ಕೊನೆಯ ಎಂಟು ಪುಟ ಬಿಡಿಸಲೂ ಪುರುಸೊತ್ತು ಸಿಗುತ್ತದೆ. ಬ್ರಿಟನ್ನಿನಲ್ಲಿ 1936ರಲ್ಲಿ ಶುರುವಾದ ಕಾರ್ನೆಗಿ ಪದಕದ ತೀರ್ಪುಗಾರರು ಗ್ರಂಥಪಾಲಕರು. ಅವರು ಓದುವ ಹೊತ್ತಿಗೇ ಶಾಲೆ, ಗ್ರಂಥಾಲಯಗಳ ಮಕ್ಕಳ ಗುಂಪುಗಳೂ ಅದೇ ಕಿರುಪಟ್ಟಿಯನ್ನು ಓದಿ ತಮ್ಮ ಮೆಚ್ಚಿನದನ್ನು ಹೇಳುತ್ತವೆ. ಮಕ್ಕಳ ಮಾತೇ ಅಂತಿಮವಾಗಲಿ ಎಂದು ನಾನು ಹೇಳುತ್ತಿಲ್ಲ. ಅವರೂ ಒಮ್ಮೊಮ್ಮೆ ರಕ್ಷಾಪುಟದ ಹೊಳಪಿಗೆ ಸೋಲುತ್ತಾರೆ. ಆದರೆ 'ವಾತ್ಸಲ್ಯಮೂರ್ತಿ'ಯ ಮುಂದೆ ತಡವರಿಸುವವರು ಅವರೇ ತಾನೆ? ದೊಡ್ಡವರ ಕಣ್ಣಿಗೆ ಅದು ಸಲೀಸಾಗಿ ಜಾರಿಹೋಗುತ್ತದೆ.

ನಿಮ್ಮಲ್ಲಿ ಒಂದು ಕೋರಿಕೆ. ಇನ್ನು ಮುಂದೆ ಇಂಥ ಬಹುಮಾನದ ಸುದ್ದಿ ಬಂದಾಗ ಎಷ್ಟು ಪುಸ್ತಕ ಬಂದಿದ್ದವು, ಎಷ್ಟು ದಿನ ಓದಿದರು, ತೀರ್ಪುಗಾರರಿಗೆ ಲೇಖಕರ ಅಥವಾ ಪ್ರಕಾಶಕರ ನಂಟು ಇತ್ತೇ ಎಂದು ನಿಮ್ಮ ವರದಿಗಾರರು ಸಂಘಟಕರನ್ನು ಕೇಳಲಿ. ಎರಡು ಸಾಲು ಸಾಕು, ಫೋಟೊದ ಕೆಳಗೆ.

ಈ ವರ್ಷವೂ ನನಗೆ ಫೋನ್ ಬಂದಿದೆ. ಇದೇ ಮೂರು ಪ್ರಶ್ನೆ ಕೇಳಿದೆ. ಜೊತೆಗೆ, ಪ್ರತಿ ಪುಸ್ತಕಕ್ಕೂ ತೀರ್ಪುಗಾರರು ನಾಲ್ಕು ಸಾಲು ಕಾರಣ ಬರೆದುಕೊಟ್ಟ ಮೇಲೆಯೇ ಸಭೆ ಕರೆಯುವುದಾದರೆ ಬರುತ್ತೇನೆ ಎಂದೆ. "ಮೇಡಂ, ನೀವು ಹಾಗೆಲ್ಲ ಕೇಳಿದರೆ ಹೇಗೆ? ಇದು ಸೇವೆ ಅಲ್ಲವೇ?" ಎಂದರು ಆ ಕಡೆಯವರು. ಕೇಳಿ ಹೇಳುತ್ತೇವೆಂದು ಫೋನ್ ಇಟ್ಟು ಹನ್ನೊಂದು ದಿನವಾಯಿತು. ಹೊಸ ನೋಟ್‌ಬುಕ್ ತಂದಿಟ್ಟುಕೊಂಡಿದ್ದೇನೆ.

ಇತಿ,
ಒಬ್ಬ ನಿವೃತ್ತ ಗ್ರಂಥಪಾಲಕಿ