ಹೊಸ ಪಿಸ್ತೂಲಿನ ಮೊದಲ ದಿನ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಅಮ್ಮನ ಆಶೀರ್ವಾದ. ಹೈದರಾಬಾದಿನಲ್ಲಿ ಮಳೆ ನಿಂತಿತಾ? ನಿನ್ನೆ ರಾತ್ರಿ ನೀನು ಫೋನ್ ಮಾಡಿದಾಗಲೇ ಎಲ್ಲ ಹೇಳಬೇಕು ಅಂತಿದ್ದೆ. ಬಾಯಿಗೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಪಿಸ್ತೂಲು ಬಂತು. ನಿನ್ನೆ ಬೆಳಿಗ್ಗೆ ಶೂಟಿಂಗ್ ರೇಂಜಿಗೆ ತೆಗೆದುಕೊಂಡು ಹೋಗಿ ಮೊದಲ ಸಲ ಹೊಡೆದೆ.

ಸ್ಟೇಯರ್ ಎಲ್‌ಪಿ 10 ಅಂತ, ಗಾಳಿಯ ಒತ್ತಡದಿಂದ ಗುಂಡು ಹಾರಿಸುವ, ಸ್ಪರ್ಧೆಯ ಏರ್ ಪಿಸ್ತೂಲು. ಸೆಕೆಂಡ್ ಹ್ಯಾಂಡ್. ಆಟ ಬಿಟ್ಟ ಒಬ್ಬರಿಂದ ತೆಗೆದುಕೊಂಡೆ. ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಒಂದು ಜೊತೆ ಬಳೆ ಮಾಡಿಸಿಕೋ ಅಂತ ನಿಮ್ಮಪ್ಪ ಹೇಳುತ್ತಲೇ ಇದ್ದರು. ಬಳೆ ಹಾಕಿಕೊಂಡು ನಾನೆಲ್ಲಿಗೆ ಹೋಗಬೇಕು ಹೇಳು. ಒಂದು ವರ್ಷದಿಂದ ರೇಂಜಿನ ಪಿಸ್ತೂಲಿನಲ್ಲೇ ಕಲಿಯುತ್ತಿದ್ದೆ. ಅದರ ಹಿಡಿ ಹತ್ತು ಜನರ ಕೈಗೆ ಸಿಕ್ಕಿ ಸವೆದಿತ್ತು. ನನ್ನದು ಅಂತ ಒಂದು ಇರಲಿ ಅನ್ನಿಸಿತು.

ಊಟದ ಮೇಜಿನ ಮೇಲೆ ಪೆಟ್ಟಿಗೆ ತೆರೆದಾಗ ನಿಮ್ಮಪ್ಪ ಕಾಫಿ ಲೋಟ ಎತ್ತಿಕೊಂಡು ದೂರ ಹೋಗಿ ನಿಂತರು. ಎದುರುಮನೆ ಆಂಟಿಗೆ ಪೊಲೀಸರ ಚಿಂತೆ. ನಳಿಗೆಯ ಒಳವ್ಯಾಸ 4.5 ಮಿ.ಮೀ. ದಾಟದ, ಗುಂಡಿನ ಶಕ್ತಿ 20 ಜೂಲ್ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ ಅಂತ ಅವರಿಗೆ ಬಿಡಿಸಿ ಹೇಳಿದೆ. ಆದರೂ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಕೀ ನನ್ನ ಹತ್ತಿರವೇ ಇರುತ್ತದೆ.

ಮನಸ್ಸಿಗೆ ಬೇಜಾರಾದದ್ದು ಒಂದೇ. ಜೊತೆಗೆ ಗಾಳಿ ತುಂಬುವ ಎರಡು ಸಿಲಿಂಡರ್ ಕೊಟ್ಟು, ಎರಡೂ ಚೆನ್ನಾಗಿವೆ ಅಂದಿದ್ದರು. ಕೋಚ್ ಸರ್ ಬೆಳಕಿಗೆ ಹಿಡಿದು ಅದರ ಮೇಲಿನ ತಾರೀಖು ಓದಿದರು. ಒಂದರ ಅವಧಿ ಮುಗಿದು ಆರು ತಿಂಗಳಾಗಿದೆ. ತಯಾರಾದ ದಿನದಿಂದ 10 ವರ್ಷ, ಅಷ್ಟೇ ಅದರ ಆಯುಸ್ಸು. 200 ಬಾರ್ ಒತ್ತಡದಲ್ಲಿ ಗಾಳಿ ತುಂಬುವ ವಸ್ತು, ಅದರಲ್ಲಿ ಹುಡುಗಾಟ ಮಾಡಬಾರದು ಅಂತ ಅದನ್ನು ಪಕ್ಕಕ್ಕಿಟ್ಟುಬಿಟ್ಟರು. ಗೊತ್ತಿದ್ದೂ ಹೀಗೆ ಮಾರಿದರಲ್ಲ ಅಂತ ಸಂಕಟವಾಯಿತು. ಹೋಗಲಿ, ಇನ್ನೊಂದಕ್ಕೆ ನಾಲ್ಕು ವರ್ಷ ಉಳಿದಿದೆ.

ಹಿಡಿಯ ವಿಷಯ ನಿನಗೆ ಹೇಳಲೇಬೇಕು. ವಾಲ್‌ನಟ್ ಮರದ್ದು, ಮೀಡಿಯಂ ಸೈಜು. ಹಿಂದಿನವರು ತಮ್ಮ ಹೆಬ್ಬೆರಳ ಬುಡಕ್ಕೆ ಸರಿಯಾಗಿ ವುಡ್ ಪುಟ್ಟಿ ಹಚ್ಚಿ ಉಬ್ಬು ಮಾಡಿಕೊಂಡಿದ್ದರು. ನನ್ನ ಕೈಗೆ ಅದು ಕಲ್ಲಿನ ಹಾಗೆ ಒತ್ತುತ್ತಿತ್ತು. ಎರಡು ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮರಳು ಕಾಗದದಿಂದ ಉಜ್ಜಿದೆ. ಸ್ವಲ್ಪ ಉಜ್ಜುವುದು, ಹಿಡಿದು ನೋಡುವುದು, ಮತ್ತೆ ಉಜ್ಜುವುದು. ಕಂದು ಪುಡಿಯೆಲ್ಲ ಸೀರೆ ಮೇಲೆ. ಕೊನೆಗೊಂದು ಸಲ ಕಣ್ಣು ಮುಚ್ಚಿ ಹಿಡಿದು, ಕೈ ಎತ್ತಿ, ಕಣ್ಣು ಬಿಟ್ಟೆ. ಗುರಿ ನೋಡುವ ಹಿಂದಿನ ಸೈಟಿನ ಕಚ್ಚಿನ ನಡುವೆ ಮುಂದಿನ ಸೈಟು ತಾನಾಗಿಯೇ ನಿಂತಿತ್ತು. ನೀನು 12ನೇ ವಯಸ್ಸಿನಲ್ಲಿ ದಿನವೂ ಹೀಗೆ ಕಣ್ಣು ಮುಚ್ಚಿ ಕೈ ಎತ್ತುತ್ತಿದ್ದೆಯಲ್ಲ, ಏನು ಮಾಡುತ್ತಿದ್ದೆ ಅಂತ ಈಗ ಅರ್ಥವಾಯಿತು.

ರೇಂಜು ಹಾಗೇ ಇದೆ. ಗೋಡೆ ಬದಿಯ ಕಬ್ಬಿಣದ ಬೆಂಚೂ ಅಲ್ಲೇ ಇದೆ. ನೀನು ಪ್ರಾಕ್ಟೀಸ್ ಮಾಡುತ್ತಿದ್ದ ಐದು ವರ್ಷ ಅದರ ಮೇಲೆ ಕೂತು ಎಷ್ಟು ಯೂನಿಟ್ ಟೆಸ್ಟ್ ಪೇಪರ್ ತಿದ್ದಿದ್ದೇನೋ ಲೆಕ್ಕವಿಲ್ಲ. ನಿನ್ನೆ ಆ ಬೆಂಚಿಗೆ ಬೆನ್ನು ಹಾಕಿ ಲೇನಿನಲ್ಲಿ ನಿಂತೆ. ಒಂದು ಕಣ್ಣು ಮರೆಮಾಡುವ ನಿನ್ನ ಹಳೇ ಬ್ಲೈಂಡರ್ ಡ್ರಾಯರಿನಲ್ಲಿ ಸಿಕ್ಕಿತ್ತು, ಎಡಗಣ್ಣಿಗೆ ಅದನ್ನೇ ಹಾಕಿಕೊಂಡಿದ್ದೆ.

ಮೊದಲ ಐದು ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ಹೊಡೆದು ಸ್ವಿಚ್ ಒತ್ತಿದೆ. ಟಾರ್ಗೆಟ್ ಕಾರ್ಡು ತಂತಿ ಮೇಲೆ ತೇಲಿಕೊಂಡು ಬಂತು. ಐದೂ ಕೆಳಗೆ, ಎಡಕ್ಕೆ. ಎರಡಂತೂ ನಡುವಿನ ಕಪ್ಪು ವೃತ್ತದಿಂದಲೇ ಆಚೆ. ಇನ್ನೈದು ಹೊಡೆದೆ. ಮತ್ತೆ ಅದೇ ಜಾಗ. ಸಿಲಿಂಡರ್ ವಿಷಯ ತಲೆಯಲ್ಲಿತ್ತಲ್ಲ, ಪಿಸ್ತೂಲಿನಲ್ಲೇ ಏನೋ ದೋಷವಿದೆ ಅಂತ ಎದೆ ಧಸಕ್ಕೆಂದಿತು. ಸೈಟಿನ ಸ್ಕ್ರೂ ತಿರುಗಿಸೋಣ ಅಂತ ಕೈ ಹಾಕಿದೆ. ಸರ್ ಬೇಡ ಅಂದರು. ಪಿಸ್ತೂಲು ತೆಗೆದುಕೊಂಡು ತಾವೇ ಐದು ಹೊಡೆದರು. ಒಂದು ರೂಪಾಯಿ ನಾಣ್ಯ ಇಟ್ಟರೆ ಐದೂ ತೂತು ಮುಚ್ಚಿಹೋಗುವಷ್ಟು ಹತ್ತಿರ ಬಿದ್ದಿದ್ದವು.

“ಪಿಸ್ತೂಲ್ ಚೆನ್ನಾಗಿದೆ ಮೇಡಂ. ಸ್ಕ್ರೂ ಮುಟ್ಟಬೇಡಿ.”

ಆಮೇಲೆ ಅವರು ಮಾಡಿದ್ದನ್ನು ನಿನಗೂ ಮಾಡಿರುತ್ತಾರೆ. ನನ್ನ ಮುಖ ಆಚೆ ತಿರುಗಿಸಿ ನಿಲ್ಲಿಸಿದರು. ಒಮ್ಮೆ ಪೆಲೆಟ್ ಹಾಕಿ ಕೊಡುವುದು, ಒಮ್ಮೆ ಏನೂ ಹಾಕದೆ ಡ್ರೈ ಫೈರಿಗೆ ಇಟ್ಟು ಕೊಡುವುದು. ಯಾವುದು ಅಂತ ನನಗೆ ಗೊತ್ತಾಗುವ ಹಾಗಿಲ್ಲ. ಮೊದಲ ಸಲ ಪೆಲೆಟ್ ಇತ್ತು. ಎರಡನೇ ಸಲ ಕೈ ಎತ್ತಿ, ನಿಧಾನವಾಗಿ ಇಳಿಸಿ, ಕಪ್ಪು ವೃತ್ತದ ಕೆಳಗೆ ನಿಲ್ಲಿಸಿದೆ. ಸೈಟು ಸಮವಾಯಿತು. ಒತ್ತಿದೆ. ಟಿಕ್ ಅಂದಿತು, ಅಷ್ಟೇ. ಅದೇ ಕ್ಷಣದಲ್ಲಿ ಮುಂದಿನ ಸೈಟು ಕೆಳಗೆ ಎಡಕ್ಕೆ ಮುಳುಗಿದ್ದನ್ನು ನನ್ನ ಕಣ್ಣಾರೆ ಕಂಡೆ. ಗುಂಡಿಲ್ಲ, ಗಾಳಿಯಿಲ್ಲ. ಅದನ್ನು ಎಳೆದದ್ದು ನನ್ನ ಬೆರಳು.

ಹೆದರಿಕೆ ಅಂದುಕೊಂಡೆ. ಏರ್ ಪಿಸ್ತೂಲಿನಲ್ಲಿ ಹೆದರುವಂಥ ಒದೆತ ಎಲ್ಲಿದೆ? ಅದು ಆತುರ. “ಈಗ ಸರಿಯಾಗಿದೆ, ಈಗಲೇ ಒತ್ತು, ಬಿಟ್ಟರೆ ಹೋಯ್ತು” ಅಂತ ಮನಸ್ಸು ಕೂಗುತ್ತದೆ. ಅರ್ಧ ಕೆ.ಜಿ. ಭಾರಕ್ಕೆ ಬಿಡುವ ಟ್ರಿಗರ್ ಅದು. ಅದನ್ನು ಇಡೀ ಮುಷ್ಟಿಯಿಂದ ಹಿಂಡುತ್ತಿದ್ದೆ.

ಮನೆಗೆ ಬಂದವಳೇ ಸೋಪು ಹಾಕಿ ಕೈ ತೊಳೆದು, ಸ್ಕೇಲು ಪೇಪರು ಹಿಡಿದು ಕೂತೆ. ಸೀಸದ ಪೆಲೆಟ್ ಮುಟ್ಟಿದ ಕೈಯಲ್ಲಿ ಏನೂ ತಿನ್ನಬಾರದು ಅಂತ ನೀನು ಹೇಳುತ್ತಿದ್ದದ್ದು ಮರೆತಿಲ್ಲ. ಹತ್ತನೇ ಕ್ಲಾಸಿಗೆ 28 ವರ್ಷ ಸಮರೂಪ ತ್ರಿಭುಜ ಪಾಠ ಮಾಡಿದವಳು ನಾನು. ಎರಡು ಸೈಟುಗಳ ನಡುವೆ ಹತ್ತಿರ ಹತ್ತಿರ 33 ಸೆಂ.ಮೀ. ಟಾರ್ಗೆಟ್ ಇರುವುದು 10 ಮೀಟರ್ ದೂರದಲ್ಲಿ. ಅಂದರೆ 30 ಪಟ್ಟು. ಮುಂದಿನ ಸೈಟು ಬರೀ 1 ಮಿ.ಮೀ. ತಗ್ಗಿದರೆ ಗುಂಡು 30 ಮಿ.ಮೀ. ಕೆಳಗೆ ಹೋಗುತ್ತದೆ. ಕಪ್ಪು ವೃತ್ತದ ವ್ಯಾಸ 59.5 ಮಿ.ಮೀ. ಹಾಗಾಗಿ ನಟ್ಟ ನಡುವೆ ಬೀಳಬೇಕಿದ್ದ ಗುಂಡು ಕಪ್ಪಿನ ಅಂಚಿಗೆ ಹೋಗಿ ಬೀಳುತ್ತದೆ. ಸರಿ, ಸೈಟುಗಳು ಸಮವಾಗೇ ಇದ್ದು, ಇಡೀ ತೋಳು 5 ಮಿ.ಮೀ. ಅತ್ತಿತ್ತ ಸರಿದರೆ? ಗುಂಡೂ 5 ಮಿ.ಮೀ. ಸರಿಯುತ್ತದೆ, ಅಷ್ಟೇ. ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ. ಆಗಲೂ ಹತ್ತು ಅಂಕವೇ!

ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ ಪುಟ್ಟಿ. ಐದು ವರ್ಷ ಆ ಬೆಂಚಿನಿಂದ ನಾನು ನಿನಗೆ ಹೇಳಿದ್ದು ಒಂದೇ ಮಾತು. “ಕೈ ನಡುಗ್ತಿದೆ, ಗಟ್ಟಿಯಾಗಿ ಹಿಡಿ.” ಯಾರ ಕೈ ನಡುಗುವುದಿಲ್ಲ? ಒಂದೇ ಕೈ ಚಾಚಿ ಒಂದು ಕೆ.ಜಿ. ಹತ್ತಿರದ ಭಾರ ಹಿಡಿದಿರುವಾಗ ನಡುಗಿಯೇ ನಡುಗುತ್ತದೆ. ಗಟ್ಟಿಯಾಗಿ ಹಿಡಿದಷ್ಟೂ ಸೈಟು ಕೆಡುತ್ತದೆ. ಲೆಕ್ಕದ ಟೀಚರ್ ಆಗಿ ಈ ಲೆಕ್ಕವನ್ನು ಅವತ್ತೇ ಹಾಕಬೇಕಿತ್ತು.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಡ್ರೈ ಫೈರ್ ಆದಮೇಲೆ ಸರ್ ನನಗೆ ಒಂದೇ ಕೆಲಸ ಕೊಟ್ಟರು. ಕೈ ಎತ್ತಿ ಏಳೆಂಟು ಸೆಕೆಂಡಿನೊಳಗೆ ಗುಂಡು ತಾನಾಗಿ ಹೋಗದಿದ್ದರೆ ಕೈ ಇಳಿಸಿಬಿಡಬೇಕು. ಉಸಿರಾಡಿ, ಮತ್ತೆ ಮೊದಲಿಂದ. ಕೇಳಲು ಸುಲಭ. ಎಂಟನೇ ಸೆಕೆಂಡಿಗೆ ಕಣ್ಣು ಮಂಜಾಗುತ್ತದೆ, ತೋಳು ಸೋಲುತ್ತದೆ. ಆದರೂ ಬೆರಳು ಬಿಡುವುದಿಲ್ಲ. ಇಷ್ಟು ಹೊತ್ತು ಹಿಡಿದದ್ದು ದಂಡವಾಗುತ್ತದಲ್ಲ ಅಂತ ಆಸೆ. ಆ ಆಸೆಯಲ್ಲಿ ಒತ್ತಿದ್ದೆಲ್ಲ ಆರು, ಐದು. ನಿನ್ನೆ 40 ಗುಂಡು ಹೊಡೆಯುವಷ್ಟರಲ್ಲಿ 31 ಸಲ ಕೈ ಇಳಿಸಿದೆ. ಡೈರಿಯಲ್ಲಿ ಗೀಟು ಹಾಕಿಟ್ಟಿದ್ದೇನೆ. ಕೊನೆಯ ಹತ್ತು ಗುಂಡಿಗೆ 78 ಅಂಕ ಬಂತು. ಇಷ್ಟು ದಿನದಲ್ಲಿ ಇದೇ ಜಾಸ್ತಿ.

ಒಂದೊಂದು ಸಲ ಕೈ ಇಳಿಸುವಾಗಲೂ 2018ರ ಆ ಸ್ಟೇಟ್ ಮೀಟ್ ನೆನಪಾಗುತ್ತಿತ್ತು. ಆ ವರ್ಷವೇ ಅಲ್ವಾ, ಹೆಂಗಸರಿಗೂ 40ರ ಬದಲು 60 ಗುಂಡು ಆದದ್ದು. 75 ನಿಮಿಷ. ನೀನು ಕೈ ಎತ್ತುತ್ತಿದ್ದೆ, ಇಳಿಸುತ್ತಿದ್ದೆ. ಹಿಂದೆ ಕೂತು ನಾನು ಗಡಿಯಾರ ನೋಡುತ್ತಿದ್ದೆ. ಟೈಮ್ ಮುಗಿದಾಗ ನಾಲ್ಕು ಗುಂಡು ಉಳಿದುಹೋಗಿದ್ದವು. ರೈಲಿನಲ್ಲಿ ಬೆಂಗಳೂರು ಬಿಟ್ಟಾಗ ಶುರು ಮಾಡಿದವಳು ನಾನು ನಿಲ್ಲಿಸಲೇ ಇಲ್ಲ. “ಹೊಡೆಯೋಕೆ ಹೋಗಿ ಕೈ ಇಳಿಸ್ತಾ ನಿಂತ್ಕೊಂಡ್ರೆ ಹೇಗೆ? ಧೈರ್ಯ ಇಲ್ಲ ನಿನಗೆ.” ಮದ್ದೂರಿನಲ್ಲಿ ವಡೆ ಕೊಡಿಸಿದೆ. ನೀನು ಮುಟ್ಟಲಿಲ್ಲ. ಕಾಗದದಲ್ಲಿ ಎಣ್ಣೆ ಹರಡುವುದನ್ನೇ ನೋಡುತ್ತಾ ಕೂತಿದ್ದೆ. ಮುಂದಿನ ವರ್ಷ ಪಿಯುಸಿ ನೆಪ ಹೇಳಿ ಆಟ ಬಿಟ್ಟೆ. ನೆಪ ಅಂತ ನನಗೂ ಗೊತ್ತಿತ್ತು.

ಟೈಮ್ ಸಾಲಲಿಲ್ಲ, ಅದು ನಿಜ. ಅದನ್ನು ಮುಂದಿನ ಮೀಟಿಗೆ ಸರಿ ಮಾಡಿಕೊಳ್ಳಬಹುದಿತ್ತು. ಅಷ್ಟು ಜನರ ಎದುರು, ಗಡಿಯಾರ ಓಡುತ್ತಿರುವಾಗ, ಸರಿಯಿಲ್ಲದ ಗುಂಡನ್ನು ಹೊಡೆಯದೆ ಕೈ ಇಳಿಸಿದೆಯಲ್ಲ ಮಗಳೇ, ಅದಕ್ಕೆ ಎಷ್ಟು ಧೈರ್ಯ ಬೇಕು ಅಂತ ನಿನ್ನೆ ನನಗೆ ಗೊತ್ತಾಯಿತು. ಯಾರೂ ನೋಡದ ಲೇನಿನಲ್ಲಿ ನಿಂತೇ ನನಗದು ಆಗುತ್ತಿರಲಿಲ್ಲ. ಅವತ್ತು ನಾನು ಆಡಿದ ಮಾತು ತಪ್ಪು. ನನ್ನನ್ನು ಕ್ಷಮಿಸು.

2024ರ ಜುಲೈ 28, ಭಾನುವಾರ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದಾಗ ನೀನು ಫೋನ್ ಮಾಡಿ ಮಾತೇ ಆಡದೆ ಅತ್ತೆ. ಟೋಕಿಯೊದಲ್ಲಿ ಪಂದ್ಯದ ನಡುವೆ ಪಿಸ್ತೂಲು ಕೆಟ್ಟು, ಟೈಮ್ ಕಳೆದುಕೊಂಡು, ಫೈನಲ್ ತಪ್ಪಿಸಿಕೊಂಡಿದ್ದ ಹುಡುಗಿ. ಮೂರು ವರ್ಷಕ್ಕೆ ಎದ್ದು ಬಂದಳು. ನೀನು ಯಾಕೆ ಅಳುತ್ತಿದ್ದೀಯ ಅಂತ ನಾನು ಕೇಳಲಿಲ್ಲ. ಮಾರನೇ ವಾರ ರೇಂಜಿಗೆ ಹೋಗಿ ನನ್ನ ಹೆಸರು ಬರೆಸಿ ಬಂದೆ. ನೀನು ಏನನ್ನು ಬಿಟ್ಟೆ ಅಂತ ನನಗೆ ತಿಳಿಯಬೇಕಿತ್ತು.

ನಮ್ಮ ಪಿಸ್ತೂಲ್ ಶೂಟರ್ ಪ್ರಕಾಶ್ ನಂಜಪ್ಪ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದಾಗಿನ ಪೇಪರ್ ಕಟಿಂಗ್ ನಿನ್ನ ಕೋಣೆ ಗೋಡೆ ಮೇಲೆ ಇನ್ನೂ ಇದೆ. 2014ರದ್ದು, ಹಳದಿಯಾಗಿದೆ. ಬಣ್ಣ ಹೊಡೆಯುವವರು ಬಂದಾಗಲೂ ಅದನ್ನು ಕೀಳಲು ಬಿಡಲಿಲ್ಲ.

ಮತ್ತೆ ಆಡು ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ನಿನ್ನ ಕೆಲಸ, ನಿನ್ನ ದಿನಗಳು ನಿನ್ನವು. ಸಂಕ್ರಾಂತಿಗೆ ಬಂದಾಗ ಒಂದು ಬೆಳಿಗ್ಗೆ ಜೊತೆಗೆ ಬಾ, ಸಾಕು. ಬೆಂಚಿನ ಮೇಲೆ ಕೂತಿರು. ನನ್ನ ಬೆರಳು ಎಲ್ಲಿ ತಪ್ಪುತ್ತಿದೆ ಅಂತ ನನಗಿಂತ ನಿನ್ನ ಕಣ್ಣಿಗೆ ಬೇಗ ಗೊತ್ತಾಗುತ್ತದೆ. ನಿನಗೇ ಹಿಡಿಯಬೇಕು ಅನ್ನಿಸಿದರೆ ಹೇಳು, ಸ್ಮಾಲ್ ಸೈಜಿನ ಹಿಡಿ ಯಾರ ಹತ್ತಿರವಾದರೂ ಇದೆಯಾ ಅಂತ ಸರ್‌ನ ಕೇಳಿಡುತ್ತೇನೆ.

ಚಕ್ಕುಲಿ, ಕೋಡುಬಳೆ ಶನಿವಾರ ಪಾರ್ಸೆಲ್ ಮಾಡುತ್ತೇನೆ. ಬುಧವಾರ ಮತ್ತೆ ರೇಂಜು.

ನಿನ್ನ
ಅಮ್ಮ